ಮರ ಬಡಿಗೇರ ಮನೆಗೆ, ತೊಗಟೆ ನಮ್ಮ ಮನೆಗೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ, ಕಂಪ್ಯೂಟರ್ ಬಗ್ಗೆ ಬರೆಯುತ್ತೀರಿ ಅಲ್ಲವೇ ಎಂದು ಅವರೇ ವಿಷಯವನ್ನೂ ಸೂಚಿಸಿದ್ದರು. ಆ ಬಗ್ಗೆ ಬರೆಯಲು ನನಗಿಂತ ಬಲ್ಲವರು ಬಹಳ ಜನರಿದ್ದಾರೆ. ನನಗೆ ಈ ಶಾಲೆಯಲ್ಲಿ ಒಂದು ಬಾಕಿ ಇದೆ, ಅದನ್ನು ತೀರಿಸಲು ಅವಕಾಶ ಕೊಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು.

2002ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಸಮಾಜ ವಿಜ್ಞಾನದ ಗುರುಗಳು ನಮ್ಮೂರ ಚರಿತ್ರೆಯನ್ನು ನಾವೇ ಬರೆಯಬೇಕೆಂದು ಒಬ್ಬೊಬ್ಬರಿಗೆ ಒಂದೊಂದು ವಿಷಯ ಹಂಚಿದರು. ಒಬ್ಬರಿಗೆ ಊರ ಬಾವಿಗಳು, ಒಬ್ಬರಿಗೆ ಅಗಸೆ ಬಾಗಿಲು, ಒಬ್ಬರಿಗೆ ಹನುಮಪ್ಪನ ಗುಡಿ. ನನ್ನ ಪಾಲಿಗೆ ಬಂದದ್ದು ಶಾಲೆಯ ಹಿಂದೆ ಹಳ್ಳದ ದಂಡೆಯಲ್ಲಿದ್ದ ಜಾಲಿ ಮರ. 'ಜಾಲಿ ಮರ ಮತ್ತು ನಮ್ಮೂರ ಕಸುಬುಗಳು' ಎಂದು ಎಂಟು ಪುಟ ಬರೆದೆ. ಹತ್ತಕ್ಕೆ ಒಂಬತ್ತು ಅಂಕ ಬಂದವು. ಕೊನೆಯಲ್ಲಿ ಗುರುಗಳು ಕೆಂಪು ಶಾಯಿಯಲ್ಲಿ ಒಂದು ಮಾತು ಬರೆದಿದ್ದರು: "ತೊಗಟೆಯ ವಿಷಯ ಬಿಟ್ಟಿದ್ದೀ."

ನಾನು ಮರೆತು ಬಿಟ್ಟಿರಲಿಲ್ಲ, ಬೇಕೆಂದೇ ಬಿಟ್ಟಿದ್ದೆ. ಅದು ಗುರುಗಳಿಗೂ ಗೊತ್ತಿತ್ತೆಂದು ಈಗ ಅನಿಸುತ್ತದೆ.

ಮೊದಲು ಆಗ ಬರೆದಿದ್ದನ್ನು ಸ್ವಲ್ಪ ತಿದ್ದಿ ಹೇಳುತ್ತೇನೆ. ಇಲ್ಲಿ ಹೇಳುವ ಜಾಲಿ ನಮ್ಮ ಕರಿಜಾಲಿ. ಹಳೆಯ ಮೈಸೂರು ಕಡೆ ಇದಕ್ಕೆ ಗೊಬ್ಬಳಿ ಎನ್ನುತ್ತಾರೆ, ಮರಾಠಿಯಲ್ಲಿ ಬಾಭೂಳ, ಹಿಂದಿಯಲ್ಲಿ ಬಬೂಲ್. ಹಳದಿ ಗುಂಡುಹೂವು, ಬೆಳ್ಳಗಿನ ಜೋಡಿ ಮುಳ್ಳು, ಮಣಿಸರದಂತೆ ಬೀಜಬೀಜಕ್ಕೂ ಸೊಂಟ ಹಿಡಿದ ಬೂದುಬಣ್ಣದ ಕಾಯಿ. ಇಂದು ಕೆರೆಯಂಗಳ, ರಸ್ತೆಬದಿ, ಬೀಳುಹೊಲ ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿ ಬೇರೆಯೇ ಗಿಡ. ಅದು ಅಮೆರಿಕ ಖಂಡದಿಂದ ಬಂದದ್ದು. 1877ರ ಹೊತ್ತಿಗೆ ಮದ್ರಾಸ್ ಸರ್ಕಾರದ ಅರಣ್ಯ ಇಲಾಖೆ ಸೌದೆಗೆಂದು ಬೀಜ ತರಿಸಿ ಕಡಪ ಜಿಲ್ಲೆಯಲ್ಲಿ ಹಾಕಿಸಿತು. ಕೆಲವು ಕಡೆ ಅದನ್ನು ಸೀಮೆಜಾಲಿ ಎನ್ನುವುದೇ ಸರಿಯಾದ ಹೆಸರು. ಪರದೇಶದ್ದು ಎಂಬ ಗುರುತು ಹೆಸರಿನಲ್ಲೇ ಇದೆ. ಅದರ ಮೇಲಿನ ಸಿಟ್ಟಿನಿಂದ ನಮ್ಮ ಜನ 'ಜಾಲಿ' ಎಂದರೆ ಸಾಕು, ಜೆಸಿಬಿ ತರಿಸುತ್ತಾರೆ. ಹಳ್ಳದ ದಂಡೆಯ ನಮ್ಮ ಕರಿಜಾಲಿ ಸಾಲು ಹೋದದ್ದೂ ಹಾಗೆಯೇ.

ಜಾಲಿಗೆ ಕೆಟ್ಟ ಹೆಸರು ಹಳೆಯದು. ಪುರಂದರದಾಸರ ಒಂದು ಪದದಲ್ಲಿ ದುರ್ಜನರಿಗೆ ಜಾಲಿ ಮರವೇ ಹೋಲಿಕೆ. ದಾಸರಿಗೆ ಕೈಮುಗಿದೇ ಹೇಳುತ್ತೇನೆ, ಬಡಿಗೇರನ್ನು ಕೇಳಿದ್ದರೆ ಅವರು ಬೇರೆ ಮಾತು ಹೇಳುತ್ತಿದ್ದರು. ಎರೆಭೂಮಿಯಲ್ಲಿ ಸಾಗವಾನಿ ಎಲ್ಲಿಂದ ಬರಬೇಕು? ಇಲ್ಲಿ ರಂಟೆ, ಕುಂಟೆ, ಕೂರಿಗೆ, ನೊಗ, ಕೊಡಲಿಯ ಕಾವು, ಒನಕೆ, ಗಾಣದ ಭಾಗಗಳು ಎಲ್ಲಕ್ಕೂ ಜಾಲಿಯೇ ಗತಿ. ಗತಿಯಿಲ್ಲದೆ ಬಳಸಿದ್ದಲ್ಲ, ಗುಣ ನೋಡಿ ಬಳಸಿದ್ದು. ಜಾಲಿಯ ಕಟ್ಟಿಗೆ ಸಾಗವಾನಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಗಟ್ಟಿ. ಅದಕ್ಕಿಂತ ಮುಖ್ಯ, ಪೆಟ್ಟು ತಡೆಯುವ ಶಕ್ತಿ. ಕಲ್ಲಿನ ಮೇಲೆ ಗಾಲಿ ಏರಿ ದಡ್ಡನೆ ಬಿದ್ದಾಗ ಸೀಳದೆ ನಿಲ್ಲಬೇಕಲ್ಲ, ಆ ಗುಣ.

ಹಸಿ ಜಾಲಿಯನ್ನು ನೇರ ಕೆಲಸಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಹೊರಗಿನ ಬಿಳಿಯ ಕಟ್ಟಿಗೆಗೆ ಹುಳ ಬೀಳುತ್ತದೆ. ಆದ್ದರಿಂದ ದಿಮ್ಮಿಗಳನ್ನು ತಿಂಗಳುಗಟ್ಟಲೆ ನೀರಿನಲ್ಲಿ, ಕೆಸರಿನಲ್ಲಿ ಹೂತಿಡುತ್ತಿದ್ದರು. ನಮ್ಮ ಹಳ್ಳದ ಮಡುವಿನಲ್ಲಿ ಈಜಲು ಹೋದರೆ ಕಾಲಿಗೆ ದಿಮ್ಮಿ ಬಡಿಯುತ್ತಿತ್ತೆಂದು ಅಪ್ಪ ಹೇಳುತ್ತಿದ್ದರು. ನೀರು ಕುಡಿದು, ಆಮೇಲೆ ನೆರಳಿನಲ್ಲಿ ಆರಿದ ದಿಮ್ಮಿಯಲ್ಲಿ ಚಕ್ಕಡಿಯ ಗಾಲಿ ಮಾಡುತ್ತಿದ್ದರು. ನಡುವಿನ ಗುಂಬ, ಅದಕ್ಕೆ ಕೂರಿಸಿದ ಅರಗಳು, ಸುತ್ತಿನ ಬಾಗಿದ ತುಂಡುಗಳು, ಇಷ್ಟರಲ್ಲಿ ಮೊಳೆ ಎಂಬುದಿಲ್ಲ. ಎಲ್ಲವನ್ನೂ ಹಿಡಿದಿಡುವುದು ಹೊರಗಿನ ಕಬ್ಬಿಣದ ಪಟ್ಟಿ. ಕಮ್ಮಾರರು ಪಟ್ಟಿಯ ಅಳತೆಯನ್ನು ಗಾಲಿಗಿಂತ ತುಸು ಸಣ್ಣದಾಗಿಯೇ ಇಟ್ಟು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಿದ್ದರು. ಬಿ.ಇ. ಓದುವಾಗ ಉಷ್ಣದ ಹಿಗ್ಗುವಿಕೆಯ ಪಾಠದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದೆ. ನಾಲ್ಕಡಿ ಅಗಲದ ಗಾಲಿಯ ಸುತ್ತಳತೆ ಸುಮಾರು 3.8 ಮೀಟರ್. ಪಟ್ಟಿ 600 ಡಿಗ್ರಿ ಬಿಸಿಯೇರಿದರೆ ಹೆಚ್ಚೂಕಡಿಮೆ 2.7 ಸೆಂಟಿಮೀಟರ್ ಉದ್ದವಾಗುತ್ತದೆ. ಆರಿದಾಗ ಅಷ್ಟೂ ಹಿಂದಕ್ಕೆ ಎಳೆಯುತ್ತದೆ. ಆ ಹಿಡಿತಕ್ಕೆ ಬಿರುಕು ಬಿಡದ ಕಟ್ಟಿಗೆ ಬೇಕು. ಕಮ್ಮಾರರು ಕೋಷ್ಟಕ ನೋಡುತ್ತಿರಲಿಲ್ಲ, ದಾರ ಹಿಡಿದು ಅಳೆದು, ಒಂದು ಬೆರಳು ಕಡಿಮೆ ಮಾಡುತ್ತಿದ್ದರು.

ಜಾಲಿಯ ಚರಿತ್ರೆ ನಮ್ಮೂರಿನಿಂದ ಶುರುವಾಗುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಹೆಸರಿನಲ್ಲಿ 'ನಿಲೋಟಿಕ' ಎಂಬ ಪದವಿದೆ, ನೈಲ್ ನದಿಯದು ಎಂದು ಅರ್ಥ. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಸರಕಿನ ದೋಣಿಗಳನ್ನು ವರ್ಣಿಸಿದ್ದಾನೆ. ಅಲ್ಲಿನ ಮುಳ್ಳುಮರವನ್ನು ಎರಡೆರಡು ಮೊಳದ ತುಂಡುಗಳಾಗಿ ಕೊಯ್ದು ಇಟ್ಟಿಗೆ ಜೋಡಿಸಿದಂತೆ ಜೋಡಿಸುತ್ತಾರೆ ಎಂದ. ಜಾಲಿಯಂಥ ಸೊಟ್ಟ ಮರದಲ್ಲಿ ಉದ್ದ ಹಲಗೆ ಸಿಗುವುದಿಲ್ಲ, ಅದಕ್ಕೆ ಕಂಡುಕೊಂಡ ಉಪಾಯ ಅದು. ಬಹುಕಾಲ ವಿದ್ವಾಂಸರಿಗೆ ಈ ವರ್ಣನೆ ಬಿಡಿಸಲಾಗದ ಒಗಟಾಗಿತ್ತು. ಅಲೆಕ್ಸಾಂಡ್ರಿಯದ ಹತ್ತಿರ ಸಮುದ್ರದಲ್ಲಿ ಮುಳುಗಿದ್ದ ಒಂದು ಹಳೆಯ ಬಂದರಿನಲ್ಲಿ ಹಾಗೆಯೇ ಕಟ್ಟಿದ ದೋಣಿ ಸಿಕ್ಕಿತು, ಅದರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಇದೇ ಮರದ ಕಾಯಿಯಿಂದ ಈಜಿಪ್ಟಿನವರು ಚರ್ಮವನ್ನೂ ಹದ ಮಾಡುತ್ತಿದ್ದರು.

ಗ್ರೀಕರು ಈ ಮರಕ್ಕಿಟ್ಟ ಹೆಸರಿನಿಂದಲೇ 'ಅಕೇಸಿಯ' ಎಂಬ ಶಾಸ್ತ್ರೀಯ ಹೆಸರು ಹುಟ್ಟಿತು. ತಮಾಷೆಯೆಂದರೆ, 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರ ಸಮ್ಮೇಳನ ಆ ಹೆಸರನ್ನು ಆಸ್ಟ್ರೇಲಿಯದ ಮರಗಳಿಗೆ ಉಳಿಸಿಕೊಟ್ಟಿತು. 2011ರಲ್ಲಿ ಮೆಲ್ಬರ್ನ್ ಸಮ್ಮೇಳನವೂ ಅದನ್ನೇ ಎತ್ತಿಹಿಡಿಯಿತು. ನಮ್ಮ ಜಾಲಿಗೆ ಈಗ 'ವಶೇಲಿಯ' ಎಂಬ ಹೊಸ ಹೆಸರು. ಮೂಲ ವಾರಸುದಾರನೇ ಹೆಸರು ಬಿಟ್ಟುಕೊಡಬೇಕಾಯಿತು.

ಜಾಲಿಯ ಅಂಟಿನ ವಿಷಯ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತೊಗಟೆಗೆ ಗಾಯವಾದಲ್ಲಿ ಒಸರಿ ಗಟ್ಟಿಯಾಗುವ ಈ ಅಂಟನ್ನು ಬಾಣಂತಿಯರ ಉಂಡೆಗೆ ಹಾಕುತ್ತಾರೆ. ಗೋಕಾಕ, ಅಮೀನಗಡಗಳ ಕರದಂಟು ಎಂದರೆ ಕರಿದ ಅಂಟು ಎಂದೇ ಅರ್ಥ. ದೀಪದ ಕಾಡಿಗೆಗೆ ಈ ಅಂಟು ಕಲಸಿ ಬರೆಯುವ ಮಸಿಯನ್ನೂ ಮಾಡುತ್ತಿದ್ದರು.

ಇಷ್ಟು, ಈಜಿಪ್ಟಿನ ಭಾಗವೊಂದನ್ನು ಬಿಟ್ಟು, ನನ್ನ ಎಂಟು ಪುಟಗಳಲ್ಲಿ ಇತ್ತು. ಇನ್ನು ಬಿಟ್ಟದ್ದು.

ಊರಲ್ಲಿ ಜಾಲಿ ಮರ ಕಡಿದಾಗ ದಿಮ್ಮಿ ಬಡಿಗೇರ ಓಣಿಗೆ ಹೋಗುತ್ತಿತ್ತು. ಟೊಂಗೆ ಒಲೆಗೆ, ಮುಳ್ಳು ಬೇಲಿಗೆ, ಸೊಪ್ಪು-ಕಾಯಿ ಆಡಿಗೆ. ತೊಗಟೆ ಊರ ಹೊರಗೆ ನಮ್ಮ ಮನೆಗೆ ಬರುತ್ತಿತ್ತು. ನಮ್ಮದು ಢೋರ ಸಮಾಜ. ಎತ್ತು-ಎಮ್ಮೆಗಳ ತೊಗಲನ್ನು ಹದ ಮಾಡುವುದು ಕುಲಕಸುಬು. ಬಸವಣ್ಣನವರ ಕಾಲದ ಶರಣ ಢೋರ ಕಕ್ಕಯ್ಯನವರು ಇದೇ ಕಾಯಕದವರು, ವಚನಕಾರರು. ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿ ಅವರು ಐಕ್ಯರಾದರೆಂದು ನಂಬಿಕೆ. ಕಕ್ಕಯ್ಯನವರ ಭಾವಚಿತ್ರ ನಮ್ಮ ಮನೆಯಲ್ಲಿತ್ತು. ಶಾಲೆಯಲ್ಲಿ ಶರಣರ ಪಾಠ ಬಂದಾಗ ನಾನು ತಲೆ ತಗ್ಗಿಸಿ ಕೂಡುತ್ತಿದ್ದೆ, ಯಾರಾದರೂ ಹಿಂತಿರುಗಿ ನೋಡುತ್ತಾರೇನೋ ಎಂದು. ನೋಡುತ್ತಲೂ ಇದ್ದರು.

ಕೆಲಸ ಹೇಗೆ ನಡೆಯುತ್ತಿತ್ತೆಂದು ಅಜ್ಜನಿಂದ ಕೇಳಿ ತಿಳಿದದ್ದನ್ನು ಬರೆಯುತ್ತೇನೆ. ತೊಗಲನ್ನು ಮೊದಲು ನೀರಿನಲ್ಲಿ ನೆನೆಹಾಕಿ ರಕ್ತ, ಉಪ್ಪು ತೊಳೆಯುವುದು. ಆಮೇಲೆ ಸುಣ್ಣದ ಗುಂಡಿ. ಹತ್ತು ದಿನವೋ ಹನ್ನೆರಡು ದಿನವೋ, ಚಳಿಗಾಲವಾದರೆ ಇನ್ನೂ ಹೆಚ್ಚು. ಕೂದಲು ಸಡಿಲಾದ ಮೇಲೆ ಓರೆಯಾದ ದಿಮ್ಮಿಯ ಮೇಲೆ ಹಾಸಿ ಎರಡೂ ಕೈಯಲ್ಲಿ ಕತ್ತಿ ಹಿಡಿದು ಒಂದು ಮಗ್ಗುಲ ಕೂದಲು, ಇನ್ನೊಂದು ಮಗ್ಗುಲ ಮಾಂಸ ಕೆರೆಯಬೇಕು. ಸುಣ್ಣ ಪೂರ್ತಿ ಹೋಗುವಂತೆ ತೊಳೆಯಬೇಕು, ಉಳಿದರೆ ತೊಗಲು ಮುಂದೆ ಸಿಡಿಯುತ್ತದೆ. ಇಷ್ಟಾದ ಮೇಲೆ ಜಾಲಿ ತೊಗಟೆ. ಒಣಗಿಸಿ ಜಜ್ಜಿದ ತೊಗಟೆಯನ್ನು ನೀರಿನಲ್ಲಿ ನೆನೆಸಿದರೆ ಕೆಂಪುಕಂದು ರಸ ಬಿಡುತ್ತದೆ. ಮೊದಲು ತೆಳುವಾದ ರಸ, ಆಮೇಲೆ ಗಟ್ಟಿ ರಸ. ಮೊದಲೇ ಗಟ್ಟಿ ರಸದಲ್ಲಿ ಹಾಕಿದರೆ ಹೊರಮೈ ಮಾತ್ರ ಹದವಾಗಿ ಒಳಗೆ ಹಸಿ ಉಳಿಯುತ್ತದೆ.

ಕೊನೆಯ ಹಂತ ನೋಡಲು ವಿಚಿತ್ರ. ತೊಗಲನ್ನು ಚೀಲದಂತೆ ಹೊಲಿದು, ಒಳಗೆ ಜಜ್ಜಿದ ತೊಗಟೆ ತುಂಬಿ, ಮೂರು ಗಳಗಳ ಮುಕ್ಕಾಲಿಗೆ ತೂಗುಹಾಕಿ, ರಸ ಹೊಯ್ಯುವುದು. ರಸ ತೊಗಲಿನ ಮೈಯಿಂದಲೇ ಜಿನುಗಿ ಕೆಳಗಿನ ಬಾನಿಗೆ ಬೀಳುತ್ತದೆ. ಅದನ್ನೇ ತುಂಬಿ ಮತ್ತೆ ಮೇಲಿಂದ ಹೊಯ್ಯಬೇಕು. ಕೆಲವು ದಿನ ಬಿಟ್ಟು ಚೀಲವನ್ನು ತಲೆಕೆಳಗು ಮಾಡಿ, ಇನ್ನೊಂದು ತುದಿಯಿಂದ ಅದೇ ಕೆಲಸ. ರಾತ್ರಿ ಎದ್ದು ರಸ ಹೊಯ್ಯುವುದು ಅಜ್ಜಿಯ ಪಾಳಿ. ಎಲ್ಲ ಸೇರಿ ಒಂದು ತಿಂಗಳಿಗೂ ಮೇಲೆ. ಆ ಮುಕ್ಕಾಲಿಯ ಗಳಗಳೂ ಜಾಲಿಯವೇ.

ಇದರ ಹಿಂದಿನ ರಸಾಯನ ವಿಜ್ಞಾನ ನನಗೆ ತಿಳಿದದ್ದು ಬಹಳ ತಡವಾಗಿ. ಜಾಲಿ ತೊಗಟೆಯಲ್ಲಿ ನೂರಕ್ಕೆ 12ರಿಂದ 20ರಷ್ಟು ಟ್ಯಾನಿನ್ ಇರುತ್ತದೆ, ನಮ್ಮ ಮಾತಿನಲ್ಲಿ ಒಗರು. ತೊಗಲಿನ ಎಳೆಗಳು ಕೊಲಾಜನ್ ಎಂಬ ಪ್ರೋಟೀನಿನವು. ಒಗರು ಈ ಎಳೆಗಳ ನಡುವೆ ಹೊಕ್ಕು ಒಂದಕ್ಕೊಂದು ಕಟ್ಟುತ್ತದೆ. ಕಟ್ಟಿದ ಮೇಲೆ ಕೊಳೆಸುವ ಜೀವಾಣುಗಳಿಗೆ ಅದು ಆಹಾರವಾಗುವುದಿಲ್ಲ. ಹಸಿ ತೊಗಲನ್ನು ಬಿಸಿನೀರಿಗೆ ಹಾಕಿದರೆ 60-65 ಡಿಗ್ರಿಗೇ ಮುದುಡುತ್ತದೆ, ತೊಗಟೆಯಲ್ಲಿ ಹದವಾದದ್ದು 75-85 ಡಿಗ್ರಿಯವರೆಗೆ ತಡೆಯುತ್ತದೆ. ಅಜ್ಜನ ಹತ್ತಿರ ಥರ್ಮಾಮೀಟರು ಇರಲಿಲ್ಲ. ತೊಗಟೆಯ ಚೂರೊಂದನ್ನು ನಾಲಿಗೆಯ ಮೇಲಿಟ್ಟು ಮರದ ವಯಸ್ಸು ಹೇಳುತ್ತಿದ್ದ. "ಎಳೇ ಗಿಡದ್ದು ಬರೇ ನೀರು, ತಮ್ಮಾ. ಬಲತ ಗಿಡದ್ದು ನಾಲಿಗಿ ಹಿಡದು ಜಗ್ಗತೈತಿ" ಎನ್ನುತ್ತಿದ್ದ.

ಹಾಗೆ ಹದವಾದ ತೊಗಲು ಎಲ್ಲಿಗೆ ಹೋಗುತ್ತಿತ್ತು? ಕೆರ, ಬಾರುಕೋಲು, ಎತ್ತಿನ ಕೊರಳಪಟ್ಟಿ, ನೊಗದ ಮಿಣಿ. ಎಲ್ಲಕ್ಕಿಂತ ಮುಖ್ಯವಾಗಿ ಕಪಲಿಯ ಬಾನಿಗೆ. ನನ್ನ ವಯಸ್ಸಿನವರು ಕಪಲಿ ನೋಡಿಲ್ಲ, ಆದ್ದರಿಂದ ಎರಡು ಮಾತು. ಬಾವಿಯ ದಂಡೆಯಿಂದ ಇಳಿಜಾರಾಗಿ ಎತ್ತಿನ ದಾರಿ. ಎತ್ತುಗಳು ಇಳಿಜಾರಿನಲ್ಲಿ ನಡೆದರೆ ಹಗ್ಗ ಎಳೆದು ದೊಡ್ಡ ತೊಗಲ ಬಾನಿ ಬಾವಿಯಿಂದ ಮೇಲೆ ಬರುತ್ತದೆ. ಬಾನಿಯ ಕೆಳಗೆ ಆನೆಯ ಸೊಂಡಿಲಿನಂಥ ತೊಗಲಿನ ಕೊಳವೆ. ಅದಕ್ಕೆ ಬೇರೆ ಸಣ್ಣ ಹಗ್ಗ. ಬರುವಾಗ ಸೊಂಡಿಲು ಮಡಚಿ ಮೇಲಕ್ಕೆ ನಿಂತಿರುತ್ತದೆ, ದಂಡೆಗೆ ಬಂದ ಕೂಡಲೇ ತಾನಾಗಿ ಮುಂದಕ್ಕೆ ಚಾಚಿ ಕಾಲುವೆಗೆ ನೀರು ಸುರಿಯುತ್ತದೆ. ಬಾವಿಯ ಬಾಯಲ್ಲಿ ಇನ್ನೊಬ್ಬ ಆಳು ನಿಂತು ಬಾನಿ ಮಗುಚುವ ಕೆಲಸವಿಲ್ಲ. ಎಂಜಿನಿಯರಿಂಗ್ ಓದಿದವನಾಗಿ ಹೇಳುತ್ತೇನೆ, ಇದಕ್ಕಿಂತ ಚೊಕ್ಕ ವಿನ್ಯಾಸ ನಾನು ಕಂಡದ್ದು ಕಡಿಮೆ.

ನಮ್ಮೂರ ಮೆಣಸಿನಕಾಯಿ, ಬದನೆ, ಕಬ್ಬು, ಗೋದಿ ಎಲ್ಲ ಆ ಬಾನಿಯ ನೀರಿನಲ್ಲಿ ಬೆಳೆದವು. ಬಾಯಾರಿದವರು ಕಾಲುವೆಗೇ ಬೊಗಸೆ ಒಡ್ಡಿ ಕುಡಿಯುತ್ತಿದ್ದರು. ಬಾನಿ ಮಾಡಿದ ನಮ್ಮಜ್ಜ ಊರ ಬಾವಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಅಜ್ಜಿ ಕೊಡ ಇಟ್ಟುಕೊಂಡು ದೂರ ನಿಂತು ಕಾಯಬೇಕಿತ್ತು, ಯಾರಾದರೂ ಮೇಲಿಂದ ಹೊಯ್ಯುವವರೆಗೆ. ಇದನ್ನು ಅಜ್ಜ ಸಿಟ್ಟಿನಿಂದ ಹೇಳಿದ್ದು ನನಗೆ ನೆನಪಿಲ್ಲ. ಅಜ್ಜಿ ಮಾತ್ರ ಒಮ್ಮೆ, "ನಮ್ಮ ತೊಗಲಾಗಿಂದ ಬಂದ ನೀರು ನಡೀತಿತ್ತು, ನಮ್ಮ ಕೈಯಾಗಿಂದು ನಡೀತಿರಲಿಲ್ಲ" ಎಂದಿದ್ದಳು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಬಡಿಗೇರರಿಗೂ ಕಮ್ಮಾರರಿಗೂ ಆಯದ ಜೋಳ ಸಿಗುತ್ತಿತ್ತು, ನಮಗೂ ಸಿಗುತ್ತಿತ್ತು. ಅವರಿಗೆ ಕಣದೊಳಗೆ, ನಮಗೆ ಕಣದ ಹೊರಗೆ.

ಈ ತೊಗಟೆಯ ಮೇಲೆ ದೊಡ್ಡ ಊರುಗಳೇ ಬೆಳೆದವು. 1857ರ ದಂಗೆಯ ನಂತರ ಬ್ರಿಟಿಷ್ ಸೈನ್ಯಕ್ಕೆ ಕುದುರೆಯ ಜೀನು, ಬೂಟು, ಪಟ್ಟಿ ಬೇಕಾದಾಗ ಕಾನ್ಪುರದಲ್ಲಿ ಸರ್ಕಾರಿ ಕಾರ್ಖಾನೆ ಶುರುವಾಯಿತು. ಕಾನ್ಪುರವನ್ನೇ ಆರಿಸಿದ್ದಕ್ಕೆ ಒಂದು ದೊಡ್ಡ ಕಾರಣ, ಗಂಗಾ-ಯಮುನಾ ಬಯಲಿನಲ್ಲಿ ಬಬೂಲ್ ತೊಗಟೆ ಹೇರಳವಾಗಿತ್ತು. ದಕ್ಷಿಣದಲ್ಲಿ ಮದ್ರಾಸ್ ಕಡೆಯ ಹದಗಾರರು ತಂಗಡಿಯ ತೊಗಟೆ ಬಳಸಿದರು. ಅಲ್ಲಿಂದ ಅರೆಹದವಾದ ತೊಗಲು ಹಡಗು ತುಂಬಿ ಲಂಡನ್ನಿಗೆ ಹೋಗುತ್ತಿತ್ತು. ಜಾರ್ಜ್ ವಾಟ್ ಎಂಬವರು 1889ರಿಂದ ಹೊರತಂದ ಭಾರತದ ಆರ್ಥಿಕ ಉತ್ಪನ್ನಗಳ ಬೃಹತ್ ಕೋಶದ ಮೊದಲ ಸಂಪುಟದಲ್ಲಿ ಜಾಲಿಗೆ ಉದ್ದನೆಯ ಟಿಪ್ಪಣಿಯೇ ಇದೆ. ಅಂಟು, ಬಣ್ಣ ಮತ್ತು ಒಗರು, ಔಷಧ, ಮೇವು, ಕಟ್ಟಿಗೆ ಎಂದು ಎಲ್ಲಕ್ಕೂ ಬೇರೆ ಬೇರೆ ತಲೆಬರಹ. ಅದನ್ನು ಓದುತ್ತಾ ನನಗೆ ನನ್ನ ಎಂಟು ಪುಟ ನೆನಪಾದವು. ನಾನು ಬಿಟ್ಟದ್ದನ್ನು ಆ ಸಾಹೇಬರು ಬಿಟ್ಟಿರಲಿಲ್ಲ.

ಕಸುಬಿಗೆ ಪೆಟ್ಟು ಬಿದ್ದದ್ದು ಮೂರು ಕಡೆಯಿಂದ. ಮೊದಲನೆಯದು ಕ್ರೋಮ್. 1884ರಲ್ಲಿ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ ಎಂಬಾತ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ತಿಂಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿ ಇದನ್ನು ಪ್ರಯೋಗಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದವರು ಇವರೇ. ಅವರು ಕ್ರೋಮ್ ತೊಗಲಿನಿಂದ ಮಾಡಿಸಲು ಹೊರಟ ವಸ್ತುಗಳಲ್ಲಿ ಒಂದು ರೈತರ ಬಾವಿಯ ತೊಗಲ ಬಾನಿ, ನೀರಿನಲ್ಲಿ ಹೆಚ್ಚು ದಿನ ಬಾಳಲಿ ಎಂದು. ಎರಡನೆಯದು ಆಸ್ಟ್ರೇಲಿಯದಿಂದ ದಕ್ಷಿಣ ಆಫ್ರಿಕಕ್ಕೆ ಹೋಗಿ ಅಲ್ಲಿ ತೋಟವಾಗಿ ಬೆಳೆದ ವಾಟಲ್ ಮರದ ತೊಗಟೆ. ಜಾಲಿಯ ಹೆಸರು ಒಯ್ದ ಆಸ್ಟ್ರೇಲಿಯದ ಬಳಗದ್ದೇ ಇದು. ಒಗರು ಹೆಚ್ಚು, ನಮ್ಮ ದೊಡ್ಡ ಕಾರ್ಖಾನೆಗಳು ಅದನ್ನು ತರಿಸಿಕೊಳ್ಳತೊಡಗಿದವು.

ಇವೆರಡೂ ನಮ್ಮ ಮನೆಯ ಹಿತ್ತಲಿಗೆ ಅಷ್ಟಾಗಿ ತಟ್ಟಲಿಲ್ಲ. ನಮ್ಮ ಕಸುಬನ್ನು ನಿಲ್ಲಿಸಿದ್ದು ಮೂರನೆಯದು, ಪಂಪ್‌ಸೆಟ್. ಊರಿಗೆ ವಿದ್ಯುತ್ತು ಬಂತು, ಬಾವಿಗಳ ಮೇಲೆ ಮೋಟಾರು ಕೂತಿತು, ಕಪಲಿ ಒಂದೊಂದಾಗಿ ಕಳಚಿತು. ಚಕ್ಕಡಿಗೆ ರಬ್ಬರ್ ಗಾಲಿ ಬಂದು ಬಡಿಗೇರರ ಕೆಲಸವೂ ಅರ್ಧವಾಯಿತು. 1974ರಲ್ಲಿ, ಈ ಶಾಲೆ ಆರಂಭವಾದ ವರ್ಷವೇ, ಅಜ್ಜ ಕೊನೆಯ ಬಾನಿ ಮಾಡಿದ್ದು. ಕಾಕಾ ಸೊಲ್ಲಾಪುರಕ್ಕೆ ದುಡಿಯಲು ಹೋದರು. ಅಪ್ಪ ಎಸ್.ಎಸ್.ಎಲ್.ಸಿ. ಪಾಸಾಗಿ ನೌಕರಿ ಹಿಡಿದರು. ನಾನು ಬೆಂಗಳೂರು ಸೇರಿದೆ. ಕಸುಬು ಹೋದದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ ಎಂಬುದನ್ನೂ ಹೇಳಬೇಕು. ಸುಣ್ಣದ ಗುಂಡಿಯಲ್ಲಿ ಕೈ ಬೆಂದವರಿಗೆ, ವಾಸನೆಯೆಂದು ದೂರ ಕೂರಿಸಿಕೊಂಡವರಿಗೆ ಅದು ಬಿಡುಗಡೆಯೇ. ಆದರೆ ಅಜ್ಜನಿಗಿದ್ದ ವಿದ್ಯೆ ವಿದ್ಯೆಯಾಗಿತ್ತು. ಅದನ್ನು ನಾನು ಒಪ್ಪಿಕೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು.

ಆ ಪ್ರಬಂಧವನ್ನು ಮನೆಯಲ್ಲಿ ಓದಿ ತೋರಿಸಿದ್ದೆ. ಅಜ್ಜನಿಗೆ ಆಗಲೇ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿದ್ದವು. ರಂಟೆ, ಗಾಲಿ, ಅಂಟು ಎಲ್ಲವನ್ನೂ ಗಮನವಿಟ್ಟು ಕೇಳಿ ಮುಗಿದ ಮೇಲೆ, "ತೊಗಟಿ ಎಲ್ಲಿ ಹೋತೋ, ತಮ್ಮಾ?" ಎಂದ. ಅದು ಪುಸ್ತಕದಾಗ ಇಲ್ಲ, ಅಜ್ಜಾ, ಎಂದು ಸುಳ್ಳು ಹೇಳಿದೆ. ಅಜ್ಜ "ಹಂಗಾರ ಬಿಡು" ಎಂದು ಗೋಡೆಯ ಕಡೆ ಮಗ್ಗುಲಾದ.

ಹೋದ ವರ್ಷ ಊರಿಗೆ ಬಂದಾಗ ಹಿತ್ತಲಲ್ಲಿ ಹೊಸ ಮನೆಗೆ ಪಾಯ ತೋಡಿಸಿದೆವು. ಮೂರಡಿ ಆಳದಲ್ಲಿ ಹಳೆಯ ಸುಣ್ಣದ ಗುಂಡಿಯ ಅಂಚು ಸಿಕ್ಕಿತು. ಅದರ ಪಕ್ಕದ ಮಣ್ಣು ಇನ್ನೂ ಕೆಂಪುಕಂದು ಬಣ್ಣದ್ದಿತ್ತು. ತೊಗಟೆ ಜಜ್ಜುತ್ತಿದ್ದ ಕಲ್ಲೂ ಅಲ್ಲಿಯೇ ಇತ್ತು, ನಡುವೆ ಸವೆದು ತಗ್ಗಾಗಿದೆ. ಅದನ್ನು ತೊಳೆದು ಶಾಲೆಗೆ ತಂದುಕೊಟ್ಟಿದ್ದೇನೆ. ಈಗ ಇತಿಹಾಸ ಸಂಘದ ಕಪಾಟಿನ ಪಕ್ಕದಲ್ಲಿ, ಬಡಿಗೇರರು ಕೊಟ್ಟ ಹಳೆಯ ಗಾಲಿಯ ಗುಂಬದ ಹತ್ತಿರ ಇಟ್ಟಿದ್ದಾರೆ. ಕಲ್ಲಿಗೆ ಅಂಟಿಸಿದ ಚೀಟಿಯಲ್ಲಿ ಅದು ಏನೆಂಬುದನ್ನು ನಾನೇ ಬರೆದಿದ್ದೇನೆ, ಯಾರ ಮನೆಯದೆಂಬುದನ್ನೂ.